ಗಂಗಮ್ಮ ಟೀಚರ್ ಹಾಕಿಸಿದ ನಾಲ್ಕು ಕುರ್ಚಿ

ಪೀಣ್ಯ ಎರಡನೇ ಹಂತದ ಹಿಂದೆ, ಎರಡು ಕಾರ್ಖಾನೆಗಳ ಕಾಂಪೌಂಡಿನ ನಡುವೆ ಒಂದು ಸರ್ಕಾರಿ ಪ್ರೌಢಶಾಲೆ ಇದೆ. ಅಲ್ಲಿ ಪಾಠ ಮಾಡುವವರಿಗೆ ಮಿಕ್ಕಿದ್ದೆಲ್ಲ ಆಮೇಲೆ, ಮೊದಲು ಗಂಟಲು ಬೇಕು. ಒಂದು ಕಡೆಯಿಂದ ಗ್ರೈಂಡಿಂಗ್ ಚಕ್ರದ ಕಿರ್ರೋ ಸದ್ದು, ಇನ್ನೊಂದು ಕಡೆಯಿಂದ ಪವರ್ ಪ್ರೆಸ್ಸಿನ ಧಡಕ್ ಧಡಕ್. ಗಣಿತದ ಮೇಷ್ಟ್ರು ಮಧ್ಯಾಹ್ನದ ಹೊತ್ತಿಗೆ ಬಿಸಿನೀರು ಕುಡಿಯುತ್ತ ಮೂಲೆ ಸೇರುತ್ತಿದ್ದರು. ಸಮಾಜ ವಿಜ್ಞಾನದ ಗಂಗಮ್ಮ ಟೀಚರ್ ಮಾತ್ರ ಇಷ್ಟು ವರ್ಷ ಅಲ್ಲಿ ಗಂಟಲು ಕೆಡಿಸಿಕೊಳ್ಳದೆ ಕಾಲ ಹಾಕಿದರು. ಅದರಲ್ಲಿ ಗುಟ್ಟೇನೂ ಇಲ್ಲ. ಅವರು ಮಾತಾಡುತ್ತಿದ್ದದ್ದೇ ಕಡಿಮೆ, ಮಕ್ಕಳ ಕೈಲಿ ಮಾತಾಡಿಸುತ್ತಿದ್ದರು.

ಬಿ.ಎಡ್. ಪುಸ್ತಕದಲ್ಲಿ ಅದಕ್ಕೆ ಫಲಕ ಚರ್ಚೆ ಎಂದು ಹೆಸರು. ಎಲ್ಲ ಮೇಷ್ಟ್ರುಗಳೂ ಅದರ ಲಕ್ಷಣ, ಅನುಕೂಲ, ಅನಾನುಕೂಲ ಉರು ಹೊಡೆದು ಪರೀಕ್ಷೆಯಲ್ಲಿ ಬರೆದವರೇ. ನೌಕರಿಯ ಆದೇಶ ಕೈಗೆ ಬಂದ ದಿನ ಮರೆತವರೂ ಅವರೇ. ಗಂಗಮ್ಮನವರು ಮರೆಯಲಿಲ್ಲ. ಅವರ ಮಕ್ಕಳ ಬಾಯಲ್ಲಿ ಅದು 'ಪ್ಯಾನೆಲ್' ಆಯಿತು. ಶನಿವಾರ ಬೆಳಗಿನ ತರಗತಿ ಬಂತೆಂದರೆ ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳು ಸ್ಟಾಫ್ ರೂಮಿನಿಂದ ಪ್ಲಾಸ್ಟಿಕ್ ಕುರ್ಚಿಗಳನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದರು. ಮೇಷ್ಟ್ರುಗಳು ಕೂರಲು ಜಾಗವಿಲ್ಲದೆ ಗೊಣಗುತ್ತ ನಿಲ್ಲುತ್ತಿದ್ದರು.

ಈ ಹುಚ್ಚು ಅವರಿಗೆ ಅಂಟಿದ್ದು ಪುಸ್ತಕದಿಂದಲ್ಲ. ಅವರು ಹುಟ್ಟಿದ್ದು ಹರಪನಹಳ್ಳಿ ಕಡೆ. ಊರಿನ ಮಠದಲ್ಲಿ ಹುಣ್ಣಿಮೆಗೊಮ್ಮೆ ಶಿವಾನುಭವ ಗೋಷ್ಠಿ ನಡೆಯುತ್ತಿತ್ತು. ನಡುವೆ ಸ್ವಾಮಿಗಳು, ಅಕ್ಕಪಕ್ಕ ನಾಲ್ಕೈದು ಮಂದಿ ತಿಳಿದವರು, ಒಂದೇ ವಿಷಯದ ಮೇಲೆ ಒಬ್ಬೊಬ್ಬರದು ಒಂದೊಂದು ಮಾತು. ಹೆಂಗಸರು, ಮಕ್ಕಳು ದಾಸೋಹದ ಮನೆಯ ಬಾಗಿಲ ಬಳಿ ಚಾಪೆಯ ಮೇಲೆ ಕೂರುತ್ತಿದ್ದರು. ಹುಡುಗಿ ಗಂಗಮ್ಮನಿಗೆ ಆ ಮಾತುಗಳ ಮೇಲೆ ಬಲು ಆಸೆ. ಒಬ್ಬರು ಹೌದು ಅನ್ನುವುದು, ಇನ್ನೊಬ್ಬರು ಹಾಗಲ್ಲ ಅನ್ನುವುದು, ಆದರೂ ಕೊನೆಗೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದು. ಒಂದು ಹುಣ್ಣಿಮೆ ವಾಪಸು ಬರುವ ದಾರಿಯಲ್ಲಿ ಅವಳು ಅಪ್ಪನನ್ನು ಕೇಳಿದಳು: "ಅಪ್ಪಾಜಿ, ಚಾಪೆ ಮೇಲೆ ಕುಂತೋರನ್ನ ಯಾಕೆ ಯಾರೂ ಏನೂ ಕೇಳಂಗಿಲ್ಲ?" ಅಪ್ಪ ನಕ್ಕು ಲಾಂದ್ರದ ಬತ್ತಿ ಏರಿಸಿದರಂತೆ.

ಆಮೇಲೆ ಬ್ಯಾಂಕಿನ ಕೊಟ್ರಪ್ಪನವರನ್ನು ಮದುವೆಯಾಗಿ ಬೆಂಗಳೂರಿಗೆ ಬಂದದ್ದು, ನಾಗಸಂದ್ರದ ಅಪಾರ್ಟ್‌ಮೆಂಟಿನಲ್ಲಿ ಮೂರನೇ ಮಹಡಿ ಸೇರಿದ್ದು, ಈ ಶಾಲೆಗೆ ವರ್ಗವಾದದ್ದು. ಊರಿನ ಭಾಷೆ ಬಹುಪಾಲು ಬೆಂಗಳೂರಿನಲ್ಲಿ ಕರಗಿತು. ಮಕ್ಕಳನ್ನು 'ಅವ್ವ' ಎಂದು ಕರೆಯುವುದೊಂದು ಉಳಿಯಿತು.

ಅವರ ಪ್ಯಾನೆಲ್ಲಿನ ಕಟ್ಟುಪಾಡು ಬಿಗಿ. ತರಗತಿಯ ಮುಂದೆ ನಾಲ್ಕು ಕುರ್ಚಿ. ಪ್ರತಿ ಕುರ್ಚಿಯ ಮುಂದೆ ಒಂದು ರಟ್ಟಿನ ಬೋರ್ಡು, ಅದರ ಮೇಲೆ ಕುರ್ಚಿ ಯಾರದು ಎಂಬ ಬರಹ. ಯಾರು ಎಲ್ಲಿ ಕೂರಬೇಕು ಎಂದು ಹಳೇ ಬಿಸ್ಕತ್ ಡಬ್ಬಿಯಿಂದ ಚೀಟಿ ಎತ್ತಿ ತೀರ್ಮಾನ. ಬಂದ ಚೀಟಿ ಬದಲಿಸುವಂತಿಲ್ಲ. ಅಸಹಕಾರ ಚಳವಳಿಯ ಪಾಠದಲ್ಲಿ ಬ್ರಿಟಿಷ್ ಕಲೆಕ್ಟರನ ಚೀಟಿ ಬಂದರೆ ಕಲೆಕ್ಟರನೇ ಆಗಬೇಕು, ಅವನ ಪರವಾಗಿಯೇ ವಾದಿಸಬೇಕು. ಒಬ್ಬ ಹುಡುಗ ಅದನ್ನು ಎಷ್ಟು ಚೆನ್ನಾಗಿ ಮಾಡಿದನೆಂದರೆ ಹಿಂದಿನ ಬೆಂಚಿನವರು ಊಟದ ಬಿಡುವಿನಲ್ಲಿ ಅವನಿಗೆ ನಾಲ್ಕು ಬಿಗಿದರು. ಆ ದಿನದಿಂದ ಇನ್ನೊಂದು ಕಟ್ಟುಪಾಡು ಸೇರಿತು. ಕುರ್ಚಿಯಲ್ಲಿ ಆಡಿದ ಮಾತು ಕುರ್ಚಿಯದು, ಅದು ಈ ಕೋಣೆಯ ಬಾಗಿಲು ದಾಟಬಾರದು. ಚರ್ಚೆ ನಡೆಸುವವರಿಗೂ ಒಂದು ನಿಯಮವಿತ್ತು: ಪ್ರತಿ ಸುತ್ತಿನಲ್ಲೂ ನಾಲ್ಕೂ ಕುರ್ಚಿಗಳ ಕಡೆ ತಿರುಗಿ ಕೇಳಬೇಕು, ಕೇಳಿ ಕಾಯಬೇಕು. ಹರಪನಹಳ್ಳಿಯ ಚಾಪೆಯ ಋಣ ಅವರು ಹೀಗೆ ತೀರಿಸಿಕೊಂಡರು.

ವೇಣಿ ಸಿಕ್ಕಿದ್ದು ಇದರಿಂದಲೇ. ಒಂಬತ್ತನೇ ಕ್ಲಾಸಿಗೆ ಬಂದಾಗ ಆ ಹುಡುಗಿ ಹಾಜರಿ ಕೂಗಿದಾಗ 'ಎಸ್ ಮಿಸ್' ಎನ್ನುವುದು ಬಿಟ್ಟರೆ ತುಟಿ ಬಿಚ್ಚುತ್ತಿರಲಿಲ್ಲ. ಊರ ಕೆರೆ ಬತ್ತಿದ್ದು ಯಾಕೆ ಎಂಬ ಪ್ಯಾನೆಲ್ಲಿನಲ್ಲಿ ಅವಳ ಕೈಗೆ 'ಕೆರೆ' ಎಂಬ ಚೀಟಿ ಬಂತು. ಟ್ಯಾಂಕರಿನವನು, ಪಂಚಾಯ್ತಿಯವನು, ಬಿಲ್ಡರು ಮೂವರೂ ಕೂಗಾಡಿ ಮುಗಿಸಿದರು. ಕೆರೆ ಸುಮ್ಮನೆ ಕೂತಿತ್ತು. ಮಕ್ಕಳು ಕಿಸಕ್ ಎಂದರು. ಕೊನೆಗೆ ಚರ್ಚೆ ನಡೆಸುತ್ತಿದ್ದ ಲಾವಣ್ಯ, ವೇಣಿಯ ಬೆಂಚಿನವಳೇ, ನಿಯಮ ನೆನಪಾಗಿ ಅತ್ತ ತಿರುಗಿ, "ಕೆರೆಯವರೇ, ನೀವೇನು ಹೇಳ್ತೀರಿ?" ಎಂದಳು. ವೇಣಿ ತಲೆ ಎತ್ತಿ, "ಇಷ್ಟು ವರ್ಷಕ್ಕೆ ನನ್ನನ್ನ ಯಾರಾದ್ರೂ ಕೇಳಿದ್ದು ಇದೇ ಮೊದಲು" ಎಂದಳು.

ಗಂಗಮ್ಮನವರಿಗೆ ಅಲ್ಲೇ ಕಣ್ಣು ತುಂಬಿತು. ಆಮೇಲೆ ವೇಣಿಯನ್ನು ಹಿಡಿಯುವವರಿಲ್ಲ. ಯಾವ ಕುರ್ಚಿಗೆ ಕೂತರೂ ಆ ಕುರ್ಚಿಯವಳೇ ಆಗುತ್ತಿದ್ದಳು. ಮೂರು ಜನ ಮಾತಾಡಿದ್ದನ್ನು ಕೇಳಿಸಿಕೊಂಡು, ಅವರ ಮಾತಿನಿಂದಲೇ ಎಳೆ ತೆಗೆದು ಉತ್ತರ ಕೊಡುತ್ತಿದ್ದಳು. ಸ್ವಂತ ಮಕ್ಕಳಿಲ್ಲದ ಗಂಗಮ್ಮನವರು ಮನೆಯಲ್ಲಿ ದಿನಾ ಅವಳದೇ ಸುದ್ದಿ ಹೇಳಿ, ಕೊಟ್ರಪ್ಪನವರು ಟಿ.ವಿ. ಸದ್ದು ಜೋರು ಮಾಡುವಂತೆ ಮಾಡಿದರು. ಹುಡುಗಿ ವಕೀಲೆಯಾಗುತ್ತಾಳೆ ಎಂದು ತಾವೇ ನಿಶ್ಚಯಿಸಿಬಿಟ್ಟಿದ್ದರು.

ವೇಣಿಯ ಅಪ್ಪ ಮುನಿರಾಜು ಅಲ್ಲೇ ಹತ್ತಿರದ ಒಂದು ಸಣ್ಣ ಕಾರ್ಖಾನೆಯಲ್ಲಿ ಪ್ರೆಸ್ ಆಪರೇಟರ್. ಫ್ಯಾನಿನ ಭಾಗ, ಸ್ವಿಚ್ಚಿನ ಡಬ್ಬಿ ಎಂದು ತಗಡು ಒತ್ತಿ ಕೊಡುವ ಶೆಡ್ಡು. ಅವರದು ತಲೆತಲಾಂತರದಿಂದ ಇಲ್ಲೇ ಇದ್ದ ಮನೆತನ. ತಾತ ರಾಗಿ ಬೆಳೆದ ಹೊಲ ಕೈಗಾರಿಕಾ ಪ್ರದೇಶಕ್ಕೆ ಹೋಯಿತು. ಉಳಿದದ್ದು ಗಲ್ಲಿಯ ಒಳಗೆ ಎರಡು ಕೋಣೆಯ ಮನೆ. ಆ ವರ್ಷ, ಮಗಳು ಹತ್ತನೇ ಕ್ಲಾಸಿಗೆ ಬಂದ ವರ್ಷ, ಮುನಿರಾಜುವಿನ ಬಲಗೈ ಪ್ರೆಸ್ಸಿನಡಿ ಸಿಕ್ಕಿ ಮೂರು ಬೆರಳು ಹೋದವು.

ಪ್ರೆಸ್ಸು ತಾನಾಗಿ ಇಳಿಯಿತು ಎಂದು ಮುನಿರಾಜು ಹೇಳಿದ. ಆಪರೇಟರ್ ಅಜಾಗರೂಕತೆ ಎಂದು ಕಾರ್ಖಾನೆಯವರು ಹೇಳಿದರು. ಒಳಗೇ ಒಂದು ವಿಚಾರಣೆ ಶುರುವಾಯಿತು. ಯಂತ್ರದ ತಪ್ಪು ಎಂದು ತೀರ್ಮಾನವಾದರೆ ಅವನನ್ನು ಸ್ಟೋರಿನಲ್ಲಿ ಕೂತು ಮಾಡುವ ಕೆಲಸಕ್ಕೆ ಹಾಕಿಕೊಳ್ಳುವುದು, ಅವನದೇ ತಪ್ಪಾದರೆ ಮನೆಗೆ ಕಳಿಸುವುದು. ಎಡಗೈಯೊಂದೇ ಉಳಿದ ಗಂಡಸಿಗೆ ಪೀಣ್ಯದಲ್ಲಿ ಇನ್ಯಾವ ಕೆಲಸ ಸಿಗಬೇಕು? ಆ ಸ್ಟೋರಿನ ಕುರ್ಚಿಯೊಂದೇ ಆ ಮನೆಯ ಆಸೆಯಾಗಿತ್ತು.

ಹೀಗಿರುವಾಗ ಇಲಾಖೆಯಿಂದ ಒಬ್ಬ ಅಧಿಕಾರಿ ಗಂಗಮ್ಮನವರ ಪ್ಯಾನೆಲ್ ನೋಡಲು ಬರುತ್ತಾರೆಂದು ಸುದ್ದಿ ಬಂತು. ಚೆನ್ನಾಗಿದ್ದರೆ ಬೇರೆ ಶಾಲೆಯವರಿಗೂ ಕಲಿಸಬಹುದು ಎಂಬ ಮಾತಿತ್ತು. ಇಷ್ಟು ವರ್ಷ ಗೊಣಗಿಸಿಕೊಂಡೇ ಕುರ್ಚಿ ಹಾಕಿಸಿದ ಹೆಂಗಸಿಗೆ ಹಿಗ್ಗಾಗದೆ ಇರುತ್ತದೆಯೇ? ವಿಷಯ ಯಾವುದಿರಲಿ ಎಂದು ಮಕ್ಕಳನ್ನೇ ಕೇಳಿದರು. ಕೈ ಎತ್ತಿಸಿದಾಗ ಹೆಚ್ಚು ಕೈ ಬಂದದ್ದು 'ಕಾರ್ಖಾನೆ ಅಪಘಾತ: ಹೊಣೆ ಯಾರದು' ಎಂಬುದಕ್ಕೆ. ಬೆರಳು ಕಳೆದುಕೊಂಡ ಅಪ್ಪನೋ ಚಿಕ್ಕಪ್ಪನೋ ಇಲ್ಲದ ಮನೆ ಆ ತರಗತಿಯಲ್ಲಿ ಕಡಿಮೆ. ಡಬ್ಬಿಗೆ ಚೀಟಿ ಹಾಕಿ ಎತ್ತಿಸಿದರು. ಕಾರ್ಮಿಕರು, ಡಾಕ್ಟರು, ಕಾರ್ಖಾನೆ ಇನ್‌ಸ್ಪೆಕ್ಟರ್ ಬೇರೆಯವರಿಗೆ ಹೋದವು. ವೇಣಿಗೆ 'ಮಾಲೀಕರು' ಬಂತು.

ಅವಳು ಸ್ಟಾಫ್ ರೂಮಿಗೆ ಬಂದು ಬಾಗಿಲ ಹತ್ತಿರ ನಿಂತಳು.

"ಮಿಸ್, ಈ ಕುರ್ಚಿ ನಂಗೆ ಬೇಡ. ಬೇರೆ ಯಾರಿಗಾದ್ರೂ ಕೊಡಿ."

"ಯಾಕವ್ವ?"

"ಅಪ್ಪಂದು ಇನ್ನೂ ವಿಚಾರಣೆ ನಡೀತಿದೆ ಮಿಸ್."

"ಅದಕ್ಕೇ ನೀನು ಕೂರಬೇಕು. ನಿಮ್ಮಪ್ಪನ ಎದುರಿಗಿರೋರು ಏನು ಯೋಚಿಸ್ತಾರೆ ಅಂತ ಗೊತ್ತಾದ್ರೆ ತಾನೆ ಉತ್ತರ ಕೊಡೋಕಾಗೋದು? ನಾನು ಯಾವತ್ತಾದ್ರೂ ಚೀಟಿ ಬದಲಿಸಿದ್ದೀನಾ?"

ವೇಣಿ ಹೋಗಲು ತಿರುಗಿದಳು. ಗಂಗಮ್ಮನವರು ಹಿಂದಿನಿಂದ ಇನ್ನೊಂದು ಮಾತು ಸೇರಿಸಿದರು. "ಊಹೆ ಮಾಡ್ಕೊಂಡು ಬರಬೇಡ. ಮನೇಲೇ ಗೊತ್ತಿರೋರು ಇದ್ದಾರಲ್ಲ, ಕೇಳ್ಕೊಂಡು ಬಾ."

ಆ ಹೊತ್ತಿನಲ್ಲಿ ಯಾರಾದರೂ ಅವರ ಬಾಯಿ ಮುಚ್ಚಿಸಿದ್ದರೆ ಚೆನ್ನಾಗಿತ್ತು. ಅಲ್ಲಿ ಇದ್ದವರು ಗಣಿತದ ಮೇಷ್ಟ್ರು ಒಬ್ಬರೇ, ಅವರು ಬಿಸಿನೀರು ಕುಡಿಯುತ್ತಿದ್ದರು.

ಮನೆಯಲ್ಲಿ ಏನಾಯಿತು ಎಂದು ಗಂಗಮ್ಮನವರಿಗೆ ತಿಳಿದದ್ದು ಆಮೇಲೆ, ಮುನಿರಾಜುವಿನ ಬಾಯಿಂದಲೇ. ಮಗಳು ತನ್ನ ಕೆಲಸದ ಬಗ್ಗೆ ಕೇಳಿದ್ದು ಅದೇ ಮೊದಲಾದ್ದರಿಂದ ಅವನಿಗೆ ಖುಷಿಯಾಗಿತ್ತಂತೆ. ಎರಡು ಸ್ಟೀಲ್ ಲೋಟ ಬೋರಲು ಹಾಕಿ, ಇದು ಬಲಗಡೆ ಬಟನ್, ಇದು ಎಡಗಡೆ ಬಟನ್ ಎಂದು ತೋರಿಸಿದ. ಎರಡೂ ಕೈಯಲ್ಲಿ ಎರಡೂ ಒತ್ತಿದರೆ ಮಾತ್ರ ಪ್ರೆಸ್ಸು ಇಳಿಯುತ್ತದೆ, ಕೈ ಒಳಗಿರಬಾರದೆಂದೇ ಹಾಗೆ ಮಾಡಿರುತ್ತಾರೆ. ಆದರೆ ಪ್ರತಿ ಸಲ ಎರಡೂ ಒತ್ತುತ್ತ ಕೂತರೆ ದಿನಕ್ಕೆ ಹೇಳಿದಷ್ಟು ಪೀಸು ಆಗುವುದಿಲ್ಲ. ಅದಕ್ಕೆ ಎಲ್ಲರೂ ಒಂದು ಬಟನ್ನನ್ನು ಒತ್ತಿಹಿಡಿದು ಸೈಕಲ್ ಟ್ಯೂಬು ಸುತ್ತಿಬಿಡುತ್ತಾರೆ. ಸೂಪರ್‌ವೈಸರ್ ನೋಡಿಯೂ ನೋಡದಂತೆ ಹೋಗುತ್ತಾನೆ. "ನೀನೂ ಸುತ್ತಿದ್ಯಾ ಅಪ್ಪಾ?" ಎಂದು ವೇಣಿ ಕೇಳಿದಳು. ಮಗಳಿಗೆ ಸುಳ್ಳು ಹೇಳುವುದು ಅವನಿಗೆ ಗೊತ್ತಿರಲಿಲ್ಲ.

ಶನಿವಾರ ಅಧಿಕಾರಿ ಬಂದರು. ಹೆಡ್ ಮಾಸ್ಟರು ಇಸ್ತ್ರಿ ಅಂಗಿ ಹಾಕಿದ್ದರು. ಹಿಂದಿನ ಬೆಂಚಿನಲ್ಲಿ ಕೆಲವು ತಾಯಂದಿರು ಕೂತಿದ್ದರು. ಮುನಿರಾಜು ಬಂದಿರಲಿಲ್ಲ, ಕೈಗೆ ಬ್ಯಾಂಡೇಜು ಬದಲಿಸಿಕೊಳ್ಳಲು ಇ.ಎಸ್.ಐ. ಆಸ್ಪತ್ರೆಗೆ ಹೋಗಿದ್ದ. ಗಂಗಮ್ಮನವರು ತಮ್ಮ ಫೋನನ್ನು ಜಾಮಿಟ್ರಿ ಬಾಕ್ಸಿಗೆ ಒರಗಿಸಿ ಕಿಟಕಿಯ ಕಟ್ಟೆಯ ಮೇಲಿಟ್ಟು ವಿಡಿಯೋ ಶುರು ಮಾಡಿದರು. ಆಮೇಲೆ ಅಧಿಕಾರಿಯ ಕಡೆ ತಿರುಗಿ, "ಈ ಮಕ್ಕಳು ಆಡೋ ಮಾತಲ್ಲಿ ಒಂದಕ್ಷರಾನೂ ನಾನು ಬರೆದುಕೊಟ್ಟಿಲ್ಲ ಸಾರ್. ಎಲ್ಲಾ ಅವರವರೇ ತಿಳ್ಕೊಂಡು ಬಂದಿದ್ದು" ಎಂದರು. ಹೇಳುವಾಗ ಸೆರಗು ಸರಿಮಾಡಿಕೊಂಡರು.

ಲಾವಣ್ಯ ಚರ್ಚೆ ನಡೆಸಿದಳು. ಕಾರ್ಮಿಕರ ಕುರ್ಚಿಯ ಹುಡುಗ ಯಂತ್ರ ತಾನಾಗಿ ಇಳಿಯುತ್ತದೆ ಎಂದ. ಡಾಕ್ಟರು ರಕ್ತ ನಿಲ್ಲಿಸುವುದು ಹೇಗೆಂದು ಹೇಳಿದಳು. ವೇಣಿಯ ಸರದಿ ಬಂದಾಗ ಅವಳು ಎರಡೂ ಕೈ ಮೇಜಿನ ಮೇಲಿಟ್ಟು ನಿಧಾನವಾಗಿ ಶುರು ಮಾಡಿದಳು. ನನ್ನ ಪ್ರೆಸ್ಸಿಗೆ ಎರಡು ಬಟನ್ ಇದೆ, ಎರಡೂ ಒತ್ತದೆ ಅದು ಇಳಿಯೋದೇ ಇಲ್ಲ, ಹಾಗಿದ್ದ ಮೇಲೆ ಕೈ ಒಳಗೆ ಹೋಗಿದ್ದು ಹೇಗೆ ಎಂದು ಕೇಳಿದಳು. ಅಧಿಕಾರಿಗೆ ಆಟದ ರುಚಿ ಹತ್ತಿತು. "ಮಾಲೀಕರೇ, ಯಂತ್ರದ ತಪ್ಪಲ್ಲ ಅಂತ ನಿಮಗೆ ಹೇಗೆ ಗೊತ್ತು?" ಎಂದು ಕೆಣಕಿದರು.

ವೇಣಿ ಒಂದು ಕ್ಷಣ ಗಂಗಮ್ಮನವರ ಮುಖ ನೋಡಿದಳು. ಗಂಗಮ್ಮನವರು ಹೇಳು ಎಂಬಂತೆ ತಲೆಯಾಡಿಸಿದರು.

"ನನ್ನ ಆಪರೇಟರೇ ಒಪ್ಕೊಂಡಿದ್ದಾನೆ ಸಾರ್. ಬಲಗಡೆ ಬಟನ್‌ಗೆ ಸೈಕಲ್ ಟ್ಯೂಬ್ ಸುತ್ತಿದ್ದೆ ಅಂತ."

ಅಧಿಕಾರಿ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ವೇಣಿ ಇನ್ನೊಂದು ಮಾತು ಹೇಳಿದಳು: "ಟ್ಯೂಬ್ ಸುತ್ತದೆ ಇದ್ರೆ ನಾನು ಕೇಳಿದಷ್ಟು ಪೀಸ್ ಆಗಲ್ಲ ಅಂತಾನೂ ಹೇಳಿದ್ದಾನೆ. ಅದು ನನಗೆ ಮೊದಲೇ ಗೊತ್ತಿತ್ತು." ಮಾಲೀಕರ ಕುರ್ಚಿಯಲ್ಲಿ ಕೂತು ಮಾಲೀಕರ ತಪ್ಪನ್ನು ಮಾಲೀಕರ ಬಾಯಿಂದಲೇ ಹೇಳಿಸಿದ ಮಗು ಅದು. ಇಡೀ ಪ್ಯಾನೆಲ್ಲಿನ ಜೀವ ಆ ಎರಡನೇ ಮಾತಿನಲ್ಲಿತ್ತು. ಅದನ್ನು ಕೇಳಿಸಿಕೊಳ್ಳುವ ಹೊತ್ತಿಗೆ ಅರ್ಧ ಜನ ಕಾಫಿಗೆ ಎದ್ದಿದ್ದರು.

ಆ ಸಂಜೆ ಗಂಗಮ್ಮನವರು ಸೋಫಾದ ಮೇಲೆ ಕೂತು ವಿಡಿಯೋ ನೋಡಿದ್ದೇ ನೋಡಿದ್ದು. ವಾಟ್ಸಾಪಿಗೆ ಉದ್ದವಾಗುತ್ತದೆ ಎಂದು ಕತ್ತರಿಸಿದರು. ಶುರುವಿನಲ್ಲಿ ತಮ್ಮ ಮಾತು, ಕೊನೆಯಲ್ಲಿ ಚಪ್ಪಾಳೆ. ಚಪ್ಪಾಳೆ ಬಿದ್ದಲ್ಲಿಗೆ ನಿಲ್ಲಿಸಿದರೆ ಚೆಂದ ಅನ್ನಿಸಿತು. 'ನಮ್ಮ ಹೆಮ್ಮೆಯ ವೇಣಿ' ಎಂದು ಬರೆದು ಪೋಷಕರ ಗುಂಪಿಗೆ ಹಾಕಿದರು, ಸ್ಟೇಟಸ್ಸಿಗೂ ಹಾಕಿದರು. ಕುರ್ಚಿಯ ಮಾತು ಬಾಗಿಲು ದಾಟಬಾರದು ಎಂದು ಇಷ್ಟು ವರ್ಷ ಮಕ್ಕಳಿಗೆ ಆಣೆ ಹಾಕಿದವರು ಅವರೇ. ದಾಟಿಸಿದವರೂ ಅವರೇ. ಅದು ಅವರಿಗೆ ಹೊಳೆಯಲೇ ಇಲ್ಲ. ಫೋನು ಟಿಣ್ ಟಿಣ್ ಅನ್ನುತ್ತಲೇ ಇತ್ತು, ಒಂದೊಂದಕ್ಕೂ ಕೈ ಮುಗಿಯುವ ಚಿತ್ರ ಕಳಿಸುತ್ತ ಕೂತಿದ್ದರು.

ಪೀಣ್ಯದಲ್ಲಿ ಒಂದು ವಿಡಿಯೋ ಒಂದು ಫೋನಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ? ತಾಯಿಯಿಂದ ಗಾರ್ಮೆಂಟ್ಸಿನ ಗೆಳತಿಗೆ, ಅವಳಿಂದ ತಮ್ಮನಿಗೆ, ಅವನಿಂದ ಮುನಿರಾಜುವಿನ ಶೆಡ್ಡಿನ ಗುಂಪಿಗೆ. ಸೋಮವಾರ ಮುನಿರಾಜುವನ್ನು ಮ್ಯಾನೇಜರ್ ಶ್ರೀಧರ್ ಆಫೀಸಿಗೆ ಕರೆಸಿ ಫೋನು ಮುಂದಿಟ್ಟರು. ಅವನು ಪೂರ್ತಿ ನೋಡಿದ. ಇದು ನಿನ್ನ ಮಗಳೇ ತಾನೆ ಎಂದು ಶ್ರೀಧರ್ ಕೇಳಿದರು. ಹೌದು ಸಾರ್ ಎಂದ. ಅವಳು ಹೇಳಿದ್ದು ಸುಳ್ಳಾ ಎಂದು ಕೇಳಿದರು. ಮಗಳನ್ನು ಸುಳ್ಳಿ ಅನ್ನಬೇಕು, ಇಲ್ಲವೇ ಕೆಲಸ ಬಿಡಬೇಕು. ಅವನು ಎದ್ದು ಬಂದ.

ಮುನಿರಾಜುವಿನ ಕೆಲಸ ಹೋದ ಸುದ್ದಿ ಕಿವಿಗೆ ಬಿದ್ದ ದಿನ ಗಂಗಮ್ಮನವರು ಊಟದ ಡಬ್ಬಿ ತೆರೆಯಲಿಲ್ಲ. ಅರ್ಧ ದಿನ ರಜೆ ಹಾಕಿ ಕಾರ್ಖಾನೆಗೆ ಓಡಿದರು. ಶ್ರೀಧರ್ ಕೂರಿಸಿ, ನೀರು ತರಿಸಿ, ಬಲು ಮರ್ಯಾದೆಯಿಂದ ಮಾತಾಡಿಸಿದರು.

"ಸಾರ್, ಅದು ಪಾಠ. ಮಗು ಮಾಲೀಕರ ಪಾತ್ರ ಮಾಡಿದ್ದು. ಆ ಮಾತೆಲ್ಲಾ ನಾನೇ ಬರೆದುಕೊಟ್ಟಿದ್ದು" ಎಂದರು ಗಂಗಮ್ಮನವರು. ಬದುಕಿನಲ್ಲಿ ಅವರು ಹೀಗೆ ಸುಳ್ಳು ಹೇಳಿದ್ದು ಅದೇ ಮೊದಲು.

ಶ್ರೀಧರ್ ವಿಡಿಯೋ ಹಾಕಿದರು. ಅದರೊಳಗಿಂದ ಗಂಗಮ್ಮನವರದೇ ಧ್ವನಿ ಬಂತು. ಒಂದಕ್ಷರಾನೂ ನಾನು ಬರೆದುಕೊಟ್ಟಿಲ್ಲ ಸಾರ್.

ಅವರು ಗಾಬರಿಯಲ್ಲಿ ತಮ್ಮ ಫೋನು ತೆಗೆದು, ಕತ್ತರಿಸದ ಪೂರ್ತಿ ವಿಡಿಯೋ ಹುಡುಕಿ, ಚಪ್ಪಾಳೆಯ ಆಮೇಲಿನ ಮಾತು ಕೇಳಿಸಿದರು. "ನೋಡಿ, ಪೀಸ್ ಆಗಲ್ಲ ಅಂತಾನೇ ಸುತ್ತೋದು, ನಿಮಗೂ ಗೊತ್ತಿತ್ತು ಅಂತ ಹೇಳಿದ್ದಾಳೆ."

"ಮೇಡಂ, ಈಗ ತಾನೆ ನೀವು ಬರೆದುಕೊಟ್ಟಿದ್ದು ಅಂದ್ರಿ. ಈಗ ಹುಡುಗಿ ಹೇಳಿದ್ದೆಲ್ಲಾ ನಿಜ ಅಂತಿದ್ದೀರಿ. ನಾನು ಯಾವುದನ್ನ ಇಟ್ಕೊಳ್ಳಲಿ?"

ಯಾವ ಕುರ್ಚಿಯಲ್ಲಿ ಕೂತರೂ ಮಾತಾಡುವುದನ್ನು ಊರ ಮಕ್ಕಳಿಗೆಲ್ಲ ಕಲಿಸಿದ ಹೆಂಗಸು, ಆ ಆಫೀಸಿನ ಕುರ್ಚಿಯಲ್ಲಿ ಕೂತು ಒಂದು ಮಾತೂ ಸಿಗದೆ ಎದ್ದು ಬಂದರು. ಗೇಟಿನ ಹೊರಗೆ ಫುಟ್‌ಪಾತಿನ ಮೇಲೆ ನಿಂತು ಅತ್ತರು. ಲಾರಿಯವನೊಬ್ಬ, "ಏನಾಯ್ತಕ್ಕ?" ಎಂದು ಕೇಳಿದ.

ಅಲ್ಲಿಂದ ಮುನಿರಾಜುವಿನ ಮನೆಗೆ ಹೋದರು. ಅವನ ಹೆಂಡತಿ ಅನುಸೂಯಮ್ಮ ಬಾಗಿಲಲ್ಲೇ ತಡೆದಳು.

"ಅಲ್ಲಿ ನೀವು ಆಟ ಆಡ್ಸಿದ್ರಿ, ಇಲ್ಲಿ ನಮ್ ಒಲೆ ಆರೋಯ್ತು. ಈಗೇನ್ ನೋಡೋಕ್ ಬಂದ್ರಿ?"

"ಒಳಿಕ್ ಬುಡೇ ಅವರ್ನ" ಎಂದ ಮುನಿರಾಜು. ಎಡಗೈಯಲ್ಲಿ ಕುರ್ಚಿ ಎಳೆದು ಹಾಕಿದ. ಲೋಟಗಳಿಟ್ಟು ತೋರಿಸಿದ ಕತೆಯನ್ನು ಆಗಲೇ ಹೇಳಿದ್ದು. ಗಂಗಮ್ಮನವರು ತಪ್ಪಾಯ್ತು ಎಂದು ಕೈ ಮುಗಿದರು. ಅವನು ಆ ಕೈ ನೋಡಲಾರದೆ ಗೋಡೆ ನೋಡಿದ.

"ನಾನು ಸುತ್ತಿದ್ದು ನಿಜ ಮಿಸ್. ಅವ್ಳು ಏಳಿದ್ದೂ ನಿಜ. ಸೋಮ್ವಾರ ಸ್ಕೂಲಿಂದ್ ಬಂದೋಳ್ಗೆ 'ಚೆನ್ನಾಗ್ ಮಾತಾಡ್ದೆ ಮಗಾ' ಅಂದೆ. ಅವತ್ತಿಂದ ಬಾಯೇ ಬುಟ್ಟಿಲ್ಲ. ಊಟಕ್ಕೆ ಕರುದ್ರೆ ಬತ್ತಾಳೆ, ತಿಂತಾಳೆ, ಎದ್ದೋಯ್ತಾಳೆ. ಕೆಲ್ಸ ಓಗ್ಲಿ ಬುಡಿ ಮಿಸ್. ನೀವೇ ಅವಳ ಬಾಯಿ ಬುಡ್ಸಿದ್ದು. ಇನ್ನೊಂದ್ ಸಲ ಬುಡ್ಸಿ."

ವೇಣಿ ಒಳಕೋಣೆಯಲ್ಲೇ ಇದ್ದಳು. ಪರದೆಯ ಕೆಳಗೆ ಅವಳ ಪಾದ ಕಾಣುತ್ತಿತ್ತು. ಅವಳು ಹೊರಗೆ ಬರಲಿಲ್ಲ.

ಶಾಲೆಗೆ ಮಾತ್ರ ಒಂದು ದಿನ ತಪ್ಪಿಸಲಿಲ್ಲ. ಹಾಜರಿಗೆ 'ಎಸ್ ಮಿಸ್' ಅನ್ನುತ್ತಿದ್ದಳು, ಅಷ್ಟೇ. ಗಂಗಮ್ಮನವರು ಪ್ಯಾನೆಲ್ ನಿಲ್ಲಿಸಿ ಬೇರೆಯವರಂತೆ ಪುಸ್ತಕ ಓದಿಸತೊಡಗಿದರು. ಗ್ರೈಂಡಿಂಗ್ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲು ಕಟ್ಟಿತು. ಬಿಸ್ಕತ್ ಡಬ್ಬಿ ಬೀರುವಿನ ಮೇಲೆ ಧೂಳು ಹಿಡಿಯಿತು. ಬೇರೆ ಶಾಲೆಯವರಿಗೆ ಕಲಿಸಲು ಬನ್ನಿ ಎಂದು ಇಲಾಖೆಯಿಂದ ಫೋನು ಬಂದಾಗ ಆರೋಗ್ಯ ಸರಿಯಿಲ್ಲ ಎಂದರು. ಮನೆಯಲ್ಲಿ ಕೊಟ್ರಪ್ಪನವರು ಟಿ.ವಿ. ಸದ್ದು ತಗ್ಗಿಸಿ, "ಆ ಹುಡುಗಿ ಸುದ್ದಿ ಏನು?" ಎಂದು ತಾವಾಗಿ ಕೇಳಿದರು. ಗಂಗಮ್ಮನವರು ಅಡುಗೆಮನೆಗೆ ಹೋಗಿ ಚಿಲಕ ಹಾಕಿಕೊಂಡರು.

ಪರೀಕ್ಷೆಗೆ ಮುಂಚಿನ ಕೊನೆಯ ಶನಿವಾರ ಮತ್ತೆ ನಾಲ್ಕು ಕುರ್ಚಿ ಹಾಕಿಸಿದರು. ಯಾರನ್ನೂ ನೋಯಿಸದ ವಿಷಯವೇ ಇರಲೆಂದು 'ಮೆಟ್ರೊ ಬಂದ ಮೇಲೆ ಪೀಣ್ಯ' ಎಂದು ಬೋರ್ಡಿನ ಮೇಲೆ ಬರೆದರು. ಅಂಗಡಿಯವರು, ಆಟೋ ಚಾಲಕರು, ವಿದ್ಯಾರ್ಥಿ, ಕಾರ್ಮಿಕರು. ಮಕ್ಕಳು ಡಬ್ಬಿಗಾಗಿ ಕಾದರು. ಗಂಗಮ್ಮನವರು ಡಬ್ಬಿ ತರಲಿಲ್ಲ. ಯಾರು ಎಲ್ಲಿ ಎಂದು ತಾವೇ ಹೇಳಿದರು. ಕೊನೆಯಲ್ಲಿ ಆದಷ್ಟು ಮೆತ್ತಗೆ, "ವೇಣಿ, ಕಾರ್ಮಿಕರ ಕುರ್ಚಿ ನಿನ್ನದವ್ವ" ಎಂದರು.

ಆ ಹುಡುಗಿ ಬೇಡಿಕೊಂಡಾಗ ಸಡಿಲಿಸದ ನಿಯಮವನ್ನು ಈಗ ಅವರಾಗಿ ಮುರಿದಿದ್ದರು. ತರಗತಿಯಲ್ಲಿ ಎಲ್ಲರಿಗೂ ಅದು ಗೊತ್ತಾಯಿತು. ವೇಣಿ ಎದ್ದು ಬಂದು ಕುರ್ಚಿಯಲ್ಲಿ ಕೂತಳು. ಎರಡೂ ಕೈ ಮೇಜಿನ ಮೇಲಿಟ್ಟಳು. ಲಾವಣ್ಯ ಅಂಗಡಿಯವರನ್ನು ಕೇಳಿದಳು, ಆಟೋದವರನ್ನು ಕೇಳಿದಳು, ವಿದ್ಯಾರ್ಥಿಯನ್ನು ಕೇಳಿದಳು. ಆಮೇಲೆ ಗೆಳತಿಯ ಕಡೆ ತಿರುಗಿದಳು. "ಕಾರ್ಮಿಕರೇ, ನೀವೇನು ಹೇಳ್ತೀರಿ?"

ಎಲ್ಲರೂ ಕಾದರು. ಪಕ್ಕದ ಶೆಡ್ಡಿನಲ್ಲಿ ಪ್ರೆಸ್ಸು ಇಳಿಯುತ್ತಲೇ ಇತ್ತು. ವೇಣಿಯ ತುಟಿ ಅಲುಗಿತು. ಅವಳು ಲಾವಣ್ಯಳನ್ನು ನೋಡದೆ ಗಂಗಮ್ಮನವರ ಕಡೆ ತಿರುಗಿದಳು. ಆ ಮುಖದಲ್ಲಿ ಸಿಟ್ಟಿರಲಿಲ್ಲ, ಆಡಿಕೊಳ್ಳುವ ಭಾವವೂ ಇರಲಿಲ್ಲ. ಗೊತ್ತಿಲ್ಲದ್ದನ್ನು ಕೇಳುವಂತೆ ಕೇಳಿದಳು.

"ಮಿಸ್, ನಿಮ್ಮ ಫೋನ್ ಎಲ್ಲಿದೆ?"

ಫೋನು ಅವರ ಕೈಚೀಲದಲ್ಲಿತ್ತು, ಚೀಲ ಅವರ ಕುರ್ಚಿಯ ಬೆನ್ನಿಗೆ ತೂಗುತ್ತಿತ್ತು. ಗಂಗಮ್ಮನವರು ಚೀಲವನ್ನೇ ಎತ್ತಿಕೊಂಡು ಹೊರಟರು. ಉದ್ದ ಪಡಸಾಲೆ ದಾಟಿ ಸ್ಟಾಫ್ ರೂಮಿಗೆ ಹೋಗಿ, ಫೋನು ತೆಗೆದು ಆರಿಸಿ, ಬೀರುವಿನೊಳಗಿಟ್ಟು ಬೀಗ ಹಾಕಿದರು. ಕೀಲಿಕೈ ಹಿಡಿದೇ ಓಡುತ್ತ ಬಂದರು. ವಯಸ್ಸಾದ ಕಾಲು, ಬಾಗಿಲ ಹತ್ತಿರ ಎಡವಿದರು.

ಕಾರ್ಮಿಕರ ಕುರ್ಚಿ ಖಾಲಿಯಿತ್ತು. ವೇಣಿ ತನ್ನ ಬೆಂಚಿಗೆ ಹೋಗಿ ಕೂತಿದ್ದಳು.

"ಇಟ್ಟು ಬಂದೆ ಕಣವ್ವ. ಬೀಗ ಹಾಕಿ ಬಂದೆ" ಎಂದು ಗಂಗಮ್ಮನವರು ಕೀಲಿಕೈ ತೋರಿಸಿದರು.

"ಸರಿ ಮಿಸ್" ಎಂದಳು ವೇಣಿ. ಎದ್ದು ಬರಲಿಲ್ಲ.

ಏನು ಮಾಡಬೇಕೆಂದು ಲಾವಣ್ಯ ಮಿಸ್ಸಿನ ಮುಖ ನೋಡಿದಳು. ಗಂಗಮ್ಮನವರು ಖಾಲಿ ಕುರ್ಚಿಯನ್ನೇ ನೋಡುತ್ತಿದ್ದರು. ಲಾವಣ್ಯ ತನಗೆ ಕಲಿಸಿದ್ದನ್ನೇ ಮಾಡಿದಳು. ಅಂಗಡಿಯವರನ್ನು ಕೇಳಿದಳು, ಆಟೋದವರನ್ನು ಕೇಳಿದಳು, ವಿದ್ಯಾರ್ಥಿಯನ್ನು ಕೇಳಿದಳು. ಆಮೇಲೆ ಖಾಲಿ ಕುರ್ಚಿಯ ಕಡೆ ತಿರುಗಿ, "ಕಾರ್ಮಿಕರೇ, ನೀವೇನು ಹೇಳ್ತೀರಿ?" ಎಂದು ಕೇಳಿ, ಕಾದಳು. ಬೆಲ್ ಹೊಡೆಯುವವರೆಗೂ ಪ್ರತಿ ಸುತ್ತಿನಲ್ಲೂ ಅವಳು ಹಾಗೆ ತಿರುಗಿ ಕೇಳಿದಳು. ಗಂಗಮ್ಮ ಟೀಚರ್ ಗೋಡೆಗೊರಗಿ ಕೀಲಿಕೈ ಹಿಡಿದು ನಿಂತೇ ಇದ್ದರು.